ಕೌದಿಗೆ ಸಿಕ್ಕು ಮೊಲದ ಉಗುರು ಕಿತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಇಳಕಲ್. ಮನೆಯಲ್ಲೇ ಕೈಮಗ್ಗ ಇದೆ. ಮಕ್ಕಳ ಹಟಕ್ಕೆ ತಂದ ಬಿಳಿ ಹೆಣ್ಣು ಮೊಲಕ್ಕೆ ಈಗ ಮೂರು ವರ್ಷ, ತೂಕ ಎರಡೂವರೆ ಕಿಲೋ ಇರಬಹುದು. ಮೂರು ದಿನದ ಹಿಂದೆ ಮುಂಗಾಲಿನ ಒಂದು ಉಗುರು ಕೌದಿಯ ಹೊಲಿಗೆಗೆ ಸಿಕ್ಕಿತು. ಗಾಬರಿಯಾಗಿ ಜಗ್ಗಿಕೊಂಡಾಗ ಕಿತ್ತು, ಬಹಳ ರಕ್ತ ಹೋಯಿತು. ಅರಿಷಿಣ ಹಚ್ಚಿ ಬಟ್ಟೆ ಕಟ್ಟಿದೆವು, ಅದನ್ನು ಕಡಿದು ಹಾಕಿತು. ಈಗ ಉಗುರಿನ ಚಿಪ್ಪು ಜೋತಾಡುತ್ತಿದೆ, ಕಾಲು ಎತ್ತಿಕೊಂಡೇ ಕೂರುತ್ತದೆ. ಉಳಿದ ಉಗುರುಗಳೂ ಉದ್ದ ಬೆಳೆದು ಬಾಗಿವೆ. ಹಿಂಗಾಲಿನ ಬೆರಳುಗಳ ಸುತ್ತ ಬೂದಿ ಬಣ್ಣದ ಹೊಟ್ಟು ಕಾಣುತ್ತಿದೆ. ಔಷಧ ಅಂಗಡಿಯವರು ಅಮಾಕ್ಸಿಸಿಲಿನ್ ಕ್ಯಾಪ್ಸೂಲು ಕೊಟ್ಟು, ಅರ್ಧರ್ಧ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸಿ ಎಂದಿದ್ದಾರೆ. ಇನ್ನೂ ಕೊಟ್ಟಿಲ್ಲ. ಪಕ್ಕದ ಮನೆಯವರು, ಎಲ್ಲ ಉಗುರನ್ನೂ ಬುಡಸಮೇತ ತೆಗೆಸಿಬಿಡಿ, ಕಾಟ ತಪ್ಪುತ್ತದೆ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಆ ಕ್ಯಾಪ್ಸೂಲನ್ನು ಕೊಡಬೇಡಿ. ನಿಮ್ಮ ಪತ್ರದಲ್ಲಿ ಮೊಲದ ಜೀವಕ್ಕೆ ನಿಜವಾಗಿ ಎರವಾಗಬಲ್ಲದ್ದು ಅದೊಂದೇ. ಮೊಲ ತಿಂದ ನಾರು ಕರಗುವುದು ಅದರ ದೊಡ್ಡ ಕರುಳಿನ ಚೀಲದಲ್ಲಿರುವ ಸೂಕ್ಷ್ಮಜೀವಿಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್ ಇವು ಬಾಯಿಯ ಮೂಲಕ ಹೋದರೆ ಆ ಒಳ್ಳೆಯ ಜೀವಿಗಳು ಸಾಯುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳುತ್ತದೆ, ಭೇದಿ ಹತ್ತಿ ಮೊಲ ಕೆಲವೇ ದಿನದಲ್ಲಿ ಸಾಯಬಹುದು. ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ನಾಯಿಗೆ, ಮನುಷ್ಯರಿಗೆ ದಿನವೂ ಕೊಡುವ ಔಷಧವೇ ಅದು, ಮೊಲದ ವಿಷಯ ಬೇರೆ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಸೋಂಕು ತಗುಲಿದ್ದರೆ ಎನ್ರೋಫ್ಲಾಕ್ಸಸಿನ್, ಟ್ರೈಮೆಥೊಪ್ರಿಮ್-ಸಲ್ಫಾ ಮೊದಲಾದ ಮೊಲಕ್ಕೆ ಒಗ್ಗುವ ಔಷಧಗಳಿವೆ, ತೂಕ ನೋಡಿ ಪಶುವೈದ್ಯರು ಬರೆದುಕೊಡಬೇಕು. ನೋವಿಗೆ ಮನೆಯಲ್ಲಿರುವ ಮನುಷ್ಯರ ಮಾತ್ರೆಯೂ ಬೇಡ. ಮೆಲಾಕ್ಸಿಕಾಮ್ ಎಂಬ ನೋವುಶಾಮಕವನ್ನು ವೈದ್ಯರೇ ಅಳತೆ ಹೇಳಿ ಕೊಡುತ್ತಾರೆ. ನೋವು ಇಳಿಸುವುದನ್ನು ಹೆಚ್ಚಿನ ಖರ್ಚೆಂದು ಬಿಡಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

ಎರಡನೆಯದಾಗಿ, ನೀವು ಬರೆಯದೆ ಬಿಟ್ಟ ವಿಷಯ: ಅದು ತಿನ್ನುತ್ತಿದೆಯೇ? ಹಿಕ್ಕೆ ಎಂದಿನಷ್ಟೇ ದಪ್ಪ ಬೀಳುತ್ತಿದೆಯೇ? ಮೊಲ ಬೇಟೆಗೆ ಸಿಕ್ಕುವ ಪ್ರಾಣಿ, ನೋವನ್ನು ಹೊರಗೆ ತೋರಿಸುವುದಿಲ್ಲ. ಮೂಲೆ ಹಿಡಿದು ಕೂರುತ್ತದೆ, ಕಣ್ಣು ಅರೆ ಮುಚ್ಚುತ್ತದೆ, ಹಲ್ಲು ಕಟಕಟ ಕಡಿಯುತ್ತದೆ, ತಿನ್ನುವುದನ್ನು ಬಿಡುತ್ತದೆ. ತಿನ್ನುವುದು ನಿಂತರೆ ಕರುಳಿನ ಚಲನೆಯೂ ನಿಲ್ಲುತ್ತದೆ, ಉಗುರಿನಿಂದ ಶುರುವಾದದ್ದು ಹೊಟ್ಟೆಗೆ ಹೋಗಿ ಮುಟ್ಟುತ್ತದೆ. ಹನ್ನೆರಡು ಗಂಟೆ ಏನೂ ಮುಟ್ಟದಿದ್ದರೆ ಅಥವಾ ಹಿಕ್ಕೆ ಕಡಲೆಗಿಂತ ಸಣ್ಣದಾಗಿ, ಕಡಿಮೆಯಾಗಿ ಬೀಳುತ್ತಿದ್ದರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಹೋಗಿ. ನೋವಿನ ಔಷಧ ಬೇಕೆಂದದ್ದು ಇದಕ್ಕೇ. ತಿನ್ನುತ್ತಿದೆ, ಓಡಾಡುತ್ತಿದೆ ಎಂದಾದರೆ ಉಳಿದದ್ದನ್ನು ಸಾವಕಾಶವಾಗಿ ನೋಡಬಹುದು.

ರಕ್ತ ಬಹಳ ಹೋಯಿತು ಎಂದಿದ್ದೀರಿ. ಬಿಳಿ ಕೂದಲ ಮೇಲೆ, ಫರಸಿಯ ಮೇಲೆ ನಾಲ್ಕು ಹನಿ ಬಿದ್ದರೂ ಕಣ್ಣಿಗೆ ಬಹಳ ಕಾಣುತ್ತದೆ. ಮೊಲದ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 55ರಿಂದ 65 ಮಿಲಿಲೀಟರ್ ರಕ್ತ ಇರುತ್ತದೆ, ನಿಮ್ಮ ಮೊಲಕ್ಕೆ ಅಂದಾಜು 150 ಮಿಲಿ. ಒಂದು ಚಹಾ ಚಮಚೆ ಅಂದರೆ 5 ಮಿಲಿ ಹೋದರೂ ಅಪಾಯವಿಲ್ಲ. ಒಂದು ಉಗುರಿನಿಂದ ಅಷ್ಟು ಹೋಗುವುದೂ ಅಪರೂಪ. ಮುಂದೆ ಎಂದಾದರೂ ಹೀಗಾದರೆ ಶುಚಿಯಾದ ಬಟ್ಟೆಯನ್ನು ಉಗುರಿನ ತುದಿಗೆ ಒತ್ತಿ ಐದು ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದೂ ಕಿತ್ತು ಬರುತ್ತದೆ. ನಿಲ್ಲದಿದ್ದರೆ ಕಾರ್ನ್‌ಫ್ಲೋರ್ ಅಥವಾ ಅಡುಗೆಯ ಗೋವಿನಜೋಳದ ನುಣ್ಣನೆಯ ಹಿಟ್ಟನ್ನು ಒತ್ತಿ. ಕ್ಷೌರದಂಗಡಿಯಲ್ಲಿ ಇರುತ್ತದಲ್ಲ ಪಟಿಕದ ಕಲ್ಲು, ಅದನ್ನು ಒದ್ದೆ ಮಾಡಿ ಮುಟ್ಟಿಸಿದರೂ ರಕ್ತ ಕಟ್ಟುತ್ತದೆ. ಆದರೆ ಬರಿಯ ಉಗುರಿನ ತುದಿಗೆ ಮಾತ್ರ, ಹರಿದ ಚರ್ಮಕ್ಕೆ ಬೇಡ, ಉರಿಯುತ್ತದೆ. ಸುಣ್ಣ ಹಚ್ಚಬೇಡಿ, ಸುಡುತ್ತದೆ. ತಂಬಾಕಿನ ಪುಡಿ ಒತ್ತುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇದೆ, ಮೊಲ ಅದನ್ನು ನೆಕ್ಕಿದರೆ ನಿಕೋಟಿನ್ ವಿಷವೇರುತ್ತದೆ. ಅರಿಷಿಣದಿಂದ ಕೇಡೇನೂ ಆಗಿಲ್ಲ, ಆದರೆ ಅದು ಗಾಯದ ಮೇಲೆ ಹಕ್ಕಳೆ ಕಟ್ಟಿ ಒಳಗೇನಾಗಿದೆ ಎಂಬುದನ್ನು ಮುಚ್ಚುತ್ತದೆ. ಈಗ ತೊಳೆದುಬಿಡಿ.

ತೊಳೆಯುವುದು ಹೀಗೆ. ಅರ್ಧ ಲೀಟರ್ ನೀರು ಕುದಿಸಿ ಆರಿಸಿ ಒಂದು ಸಣ್ಣ ಚಮಚೆ ಉಪ್ಪು ಕರಗಿಸಿ. ಆ ಪಾದವೊಂದನ್ನೇ ಬಟ್ಟಲಲ್ಲಿ ಎರಡು ನಿಮಿಷ ಅದ್ದಿ, ಮೆಲ್ಲಗೆ ಒರೆಸಿ ಒಣಗಿಸಿ. ಮೊಲಕ್ಕೆ ಮೈತುಂಬ ಸ್ನಾನ ಮಾಡಿಸುವ ಗೋಜಿಗೆ ಹೋಗಬೇಡಿ, ಗಾಬರಿಗೇ ಅರ್ಧ ಪ್ರಾಣ ಹೋಗುತ್ತದೆ. ನಂತರ ಪೋವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ದಿನಕ್ಕೆರಡು ಸಲ ಹಚ್ಚಿ. ಮನೆಯಲ್ಲಿರುವ ಚರ್ಮದ ಮುಲಾಮುಗಳಲ್ಲಿ ಹಲವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೊಲಕ್ಕೆ ಅದು ಸಲ್ಲದು. ಬಟ್ಟೆ ಕಟ್ಟುವುದೂ ಬೇಡ. ಸಡಿಲ ಕಟ್ಟಿದರೆ ಕಡಿದು ನುಂಗುತ್ತದೆ, ಬಿಗಿ ಕಟ್ಟಿದರೆ ಬೆರಳಿಗೆ ರಕ್ತ ಹೋಗುವುದು ನಿಲ್ಲುತ್ತದೆ.

ಈಗ ಜೋತಾಡುವ ಚಿಪ್ಪು. ಉಗುರೆಂದರೆ ಹೊರಗೊಂದು ಗಟ್ಟಿ ಚಿಪ್ಪು, ಒಳಗೆ ರಕ್ತನಾಳ ಮತ್ತು ನರ ತುಂಬಿದ ತಿರುಳು, ಬುಡದಲ್ಲಿ ಬೆರಳಿನ ಕೊನೆಯ ಪುಟ್ಟ ಎಲುಬು. ಚಿಪ್ಪು ತುದಿಯಲ್ಲಷ್ಟೇ ಸೀಳಿ ನೇತಾಡುತ್ತಿದ್ದರೆ ಹರಿತ ಕತ್ತರಿಯಿಂದ ನೀವೇ ತೆಗೆಯಬಹುದು. ಅದನ್ನು ಹಾಗೇ ಬಿಟ್ಟರೆ ಮತ್ತೆ ಎಲ್ಲಾದರೂ ಸಿಕ್ಕು ಇನ್ನಷ್ಟು ಕೀಳುತ್ತದೆ. ಚಿಪ್ಪು ಪೂರ್ತಿ ಕಳಚಿ ಕೆಂಪು ತಿರುಳು ಹೊರಗೆ ಉಳಿದಿದ್ದರೆ ನೋಡಲು ಭಯವಾಗುತ್ತದೆ, ಮುಟ್ಟಿದರೆ ಮೊಲಕ್ಕೆ ಬಹಳ ನೋವು. ಆದರೂ ತಿರುಳು ಕೆಲವು ದಿನಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ, ಕೆಲವು ವಾರಗಳಲ್ಲಿ ಬುಡದಿಂದ ಹೊಸ ಚಿಪ್ಪು ಇಳಿಯತೊಡಗುತ್ತದೆ. ಬುಡವೇ ಹರಿದಿದ್ದರೆ ಹೊಸ ಉಗುರು ಸೊಟ್ಟಗೆ ಬರಬಹುದು, ಬಾರದೆಯೂ ಇರಬಹುದು. ಉಗುರಿಲ್ಲದ ಒಂದು ಬೆರಳಿಂದ ಮೊಲದ ಬದುಕಿಗೆ ತೊಂದರೆಯಿಲ್ಲ.

ನಿಮ್ಮ ಮೊಲ ಮೂರನೆಯ ದಿನವೂ ಕಾಲು ಊರುತ್ತಿಲ್ಲ ಎಂಬುದು ನನಗೆ ಅಷ್ಟು ಹಿಡಿಸಲಿಲ್ಲ. ಬರಿಯ ಉಗುರು ಹೋದ ಮೊಲ ಒಂದೆರಡು ದಿನ ಕುಂಟಿ ಆಮೇಲೆ ಮರೆಯುತ್ತದೆ. ಜಗ್ಗಿದ ಭರಕ್ಕೆ ಬೆರಳು ಜಾರಿರಬಹುದು, ಎಲುಬು ಬಿರಿದಿರಬಹುದು. ಆ ಬೆರಳನ್ನು ಇನ್ನೊಂದು ಮುಂಗಾಲಿನ ಅದೇ ಬೆರಳಿನೊಡನೆ ಹೋಲಿಸಿ ನೋಡಿ: ದಪ್ಪಗಾಗಿದೆಯೇ, ಬಿಸಿಯಿದೆಯೇ, ಬೇರೆ ದಿಕ್ಕಿಗೆ ತಿರುಗಿದೆಯೇ? ಇದರಲ್ಲಿ ಒಂದಿದ್ದರೂ ವೈದ್ಯರು ಕೈಯಿಂದ ಮುಟ್ಟಿ ನೋಡಲೇಬೇಕು, ಎಕ್ಸ್‌ರೇ ಬೇಕಾಗಬಹುದು. ಮೊಲದ ಕೀವು ನೀರಾಗಿ ಹರಿಯುವುದಿಲ್ಲ, ಗಟ್ಟಿಯಾಗಿ ಒಳಗೇ ಗಂಟುಕಟ್ಟುತ್ತದೆ. ಹೊರಗೆ ಏನೂ ಸೋರುತ್ತಿಲ್ಲ, ಅಂದರೆ ವಾಸಿಯಾಯಿತು ಎಂದು ಜನ ಮೋಸ ಹೋಗುವುದು ಇಲ್ಲೇ. ಕೀವು ಎಲುಬಿಗೆ ಇಳಿದರೆ ಆ ಬೆರಳನ್ನೇ ತೆಗೆಯಬೇಕಾಗುತ್ತದೆ. ಇನ್ನೊಂದು ಶತ್ರು ನೊಣ. ಹಸಿ ಗಾಯದ ಮೇಲೆ ಇಟ್ಟ ಮೊಟ್ಟೆ ಒಂದೇ ದಿನದಲ್ಲಿ ಹುಳುವಾಗುತ್ತದೆ. ಗಾಯ ಒಣಗುವವರೆಗೆ ಮೊಲವನ್ನು ಸೊಳ್ಳೆಪರದೆಯ ಒಳಗಿಡಿ, ಉಚ್ಚೆಯಲ್ಲಿ ತೊಯ್ದ ಹುಲ್ಲನ್ನು ದಿನವೂ ತೆಗೆಯಿರಿ.

ಹಿಂಗಾಲಿನ ಬೂದಿ ಬಣ್ಣದ ಹೊಟ್ಟಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನ್ನ ಅನುಮಾನವೆಲ್ಲ ಅದರ ಮೇಲೇ. ನಮ್ಮ ಊರುಗಳ ಸಾಕು ಮೊಲಗಳಲ್ಲಿ ಕಜ್ಜಿ ಬಹಳ ಸಾಮಾನ್ಯ. ಸಾರ್ಕೊಪ್ಟಿಸ್ ಎಂಬ ಕಣ್ಣಿಗೆ ಕಾಣದ ನುಸಿ ಚರ್ಮದೊಳಗೆ ಸುರಂಗ ಕೊರೆದು ಬದುಕುತ್ತದೆ. ಮೊದಲು ಹಿಡಿಯುವುದು ಮೂಗಿನ ತುದಿ, ತುಟಿ, ಕಿವಿಯ ಅಂಚು, ಮತ್ತೆ ಉಗುರಿನ ಬುಡ. ಒಣ ಹಕ್ಕಳೆ ದಿನದಿನಕ್ಕೆ ದಪ್ಪವಾಗಿ ಬೆರಳುಗಳನ್ನೇ ಮುಚ್ಚುತ್ತದೆ, ಉಗುರು ಸೊಟ್ಟಗೆ, ಒರಟಾಗಿ ಬೆಳೆದು ಸುಲಭವಾಗಿ ಮುರಿಯುತ್ತದೆ. ಮೂಗು, ಕಿವಿಯ ಅಂಚನ್ನು ಈಗಲೇ ನೋಡಿ. ಅಲ್ಲೂ ಹಕ್ಕಳೆ ಇದ್ದರೆ ಬಹುತೇಕ ಕಜ್ಜಿಯೇ. ಹುಳುಕಡ್ಡಿ ಅಂದರೆ ಶಿಲೀಂಧ್ರದ ರೋಗವೂ ಹೀಗೇ ಕಾಣಬಹುದು, ವೈದ್ಯರು ಒಂದಿಷ್ಟು ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡುತ್ತಾರೆ. ಕಜ್ಜಿಯಾದರೆ ಐವರ್ಮೆಕ್ಟಿನ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆಗಳಿಗೆ ಔಷಧ ನಾಟದ ಕಾರಣ ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೆ ಕೊಡಿಸಬೇಕು. ಮೊದಲ ಇಂಜೆಕ್ಷನ್ನಿಗೇ ತುರಿಕೆ ಇಳಿಯಿತೆಂದು ಎರಡನೆಯದನ್ನು ತಪ್ಪಿಸುವವರೇ ತಿಂಗಳು ಕಳೆದು ಮತ್ತೆ ಬರುತ್ತಾರೆ.

ಸುಟ್ಟ ಎಂಜಿನ್ ಎಣ್ಣೆ ಹಚ್ಚಲು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಮೊಲ ತನ್ನ ಮೈಯನ್ನು ದಿನಕ್ಕೆ ಹತ್ತಾರು ಸಲ ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ದನಕ್ಕೆ ಹೊಡೆಯುವ ಉಣ್ಣೆಯ ಔಷಧವೂ ಬೇಡ. ನಾಯಿಯ ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಗಳಂತೂ ಮೊಲವನ್ನು ಕೊಂದೇಬಿಡಬಹುದು. ಈ ನುಸಿ ಮನುಷ್ಯರ ಮೈಗೂ ಹತ್ತಿ ತುರಿಕೆ ಎಬ್ಬಿಸುತ್ತದೆ. ಮಕ್ಕಳ ಮುಂಗೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಇವೆಯೇ ನೋಡಿ, ಇದ್ದರೆ ಅವರನ್ನೂ ವೈದ್ಯರಿಗೆ ತೋರಿಸಿ. ಆ ಕೌದಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಾಗಲಕೋಟೆ ಜಿಲ್ಲೆಯ ಬಿಸಿಲು ಈ ಕೆಲಸಕ್ಕೆ ಯಾವತ್ತೂ ಕಡಿಮೆ ಬೀಳುವುದಿಲ್ಲ.

ಇನ್ನು ಉದ್ದ ಉಗುರು. ಒಂದು ಉಗುರು ಕೌದಿಗೆ ಸಿಕ್ಕಿದ್ದು ಆಕಸ್ಮಿಕವಲ್ಲ. ಕೊಕ್ಕೆಯಾಗುವಷ್ಟು ಬೆಳೆದಿತ್ತು, ಅದಕ್ಕೇ ಸಿಕ್ಕಿತು. ಅಷ್ಟು ಬೆಳೆದದ್ದಕ್ಕೆ ನಿಮ್ಮ ನೆಲವೇ ಕಾರಣ. ಮೊಲದ ಉಗುರು ಜೀವನಪೂರ್ತಿ ಬೆಳೆಯುತ್ತದೆ, ಬೆಕ್ಕಿನ ಉಗುರಿನಂತೆ ಒಳಗೆ ಸರಿಯುವುದಿಲ್ಲ. ಮಣ್ಣು ಅಗೆದು ಬಿಲ ತೋಡಿದರೆ ಸವೆಯುತ್ತಿತ್ತು. ಇಳಕಲ್ ಎಂದರೆ ಕೆಂಪು ಗ್ರಾನೈಟ್ ಹೊರದೇಶಕ್ಕೆ ಹೋಗುವ ಊರು, ಅಲ್ಲಿಯ ಮನೆಗಳಲ್ಲಿ ಕನ್ನಡಿಯಷ್ಟು ನುಣ್ಣಗೆ ಪಾಲಿಶ್ ಮಾಡಿದ ನೆಲಕ್ಕೆ ಬರವಿಲ್ಲ. ಅದರ ಮೇಲೆ ಉಗುರು ಸವೆಯುವುದಿಲ್ಲ, ಕಾಲು ಜಾರುತ್ತದೆ. ಇಷ್ಟೇ ಆಗಿದ್ದರೆ ಕತ್ತರಿಸಿ ಸುಮ್ಮನಿರಬಹುದಿತ್ತು. ನಾಯಿ, ಬೆಕ್ಕಿನ ಅಂಗಾಲಿಗೆ ಇರುವ ಮೆತ್ತನೆಯ ಗದ್ದಿಗೆ ಮೊಲಕ್ಕಿಲ್ಲ, ಅಂಗಾಲನ್ನು ಕಾಯುವುದು ದಟ್ಟ ರೋಮ ಮಾತ್ರ. ಉಗುರು ಉದ್ದವಾದಾಗ ಬೆರಳುಗಳು ಮೇಲಕ್ಕೆದ್ದು ಮೈಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಗಟ್ಟಿ ನೆಲದ ಮೇಲೆ ಅಲ್ಲಿಯ ರೋಮ ಸವೆದು, ಚರ್ಮ ಕೆಂಪಾಗಿ, ಕೊನೆಗೆ ಹುಣ್ಣು. ಈ ಹಿಮ್ಮಡಿ ಹುಣ್ಣಿಗೆ ತಿಂಗಳುಗಟ್ಟಲೆ ಔಷಧ ಮಾಡಬೇಕು. ಇವತ್ತೇ ಹಿಂಗಾಲು ಎತ್ತಿ ಹಿಮ್ಮಡಿ ನೋಡಿ. ಕಡಲೆಯಷ್ಟು ಜಾಗದಲ್ಲಿ ರೋಮ ಉದುರಿ ಗುಲಾಬಿ ಚರ್ಮ ಕಂಡರೆ ಹಾಸಿಗೆ ಬದಲಿಸುವ ಹೊತ್ತು ಬಂದಿದೆ.

ಹಾಸಿಗೆಗೆ ಭತ್ತದ ಹುಲ್ಲನ್ನು ಒಂದು ಗೇಣು ದಪ್ಪ ಹಾಕಿ. ಜೋಳದ ಕಣಿಕಿ ಒರಟು, ದಂಟು ಚುಚ್ಚುತ್ತದೆ. ಗೋಣಿತಾಟಿನ ಎಳೆ ಸಡಿಲ, ಅದರಲ್ಲೂ ಉಗುರು ಸಿಕ್ಕುತ್ತದೆ, ಕೌದಿಯದೂ ಇದೇ ತೊಂದರೆ. ಹೊಸ ಕೌದಿಯ ಹೊಲಿಗೆ ಬಿಗಿ ಇರುತ್ತದೆ, ಆದರೆ ಮೊಲಕ್ಕೆ ಹೊಸ ಕೌದಿ ಯಾರು ಕೊಡುತ್ತಾರೆ? ಹಳೆಯದರಲ್ಲಿ ಪ್ರತಿ ಹೊಲಿಗೆಯೂ ಉಂಗುರವಾಗಿ ಎದ್ದಿರುತ್ತದೆ. ಬಿಗಿ ನೇಯ್ಗೆಯ ಹತ್ತಿ ಜಮಖಾನೆ ಒಳ್ಳೆಯದು, ಅಂಚಿನ ಗೊಂಡೆ ಕತ್ತರಿಸಿ ಹಾಸಿ. ತಂತಿಯ ತಳದ ಗೂಡಾದರೆ ಹಲಗೆ ಹಾಕಿ ಮುಚ್ಚಿ. ನೀರಿನ ಬಟ್ಟಲ ಮುಂದೆ ಮಾತ್ರ ಪಾಲಿಶ್ ಇಲ್ಲದ ಬಾದಾಮಿ ಕಡೆಯ ಮರಳುಗಲ್ಲಿನ ಒಂದು ತುಂಡು ಇಡಿ, ದಿನವೂ ಅದರ ಮೇಲೆ ಓಡಾಡುವಾಗ ಉಗುರು ಅಷ್ಟಿಷ್ಟು ಸವೆಯುತ್ತದೆ. ನೆಲವೆಲ್ಲ ಒರಟು ಮಾಡಬೇಡಿ, ಅಂಗಾಲು ಕೆಡುತ್ತದೆ. ಒಂದು ಅಗಲ ಪೆಟ್ಟಿಗೆಯಲ್ಲಿ ಮಣ್ಣು ತುಂಬಿಟ್ಟರೆ ದಿನಾ ಸಂಜೆ ಅಗೆಯುತ್ತದೆ. ಮನೆ ಹೊಲಸಾಗುತ್ತದೆ ಎಂಬ ನಿಮ್ಮ ಗೊಣಗಾಟ ನನಗೆ ಇಲ್ಲಿಗೇ ಕೇಳಿಸುತ್ತಿದೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.

ಮಗ್ಗದ ಮನೆಯೆಂದಿರಿ, ಅದರಿಂದ ಒಂದು ಎಚ್ಚರಿಕೆ. ನೆಲದ ಮೇಲೆ ಬಿದ್ದ ರೇಷ್ಮೆ, ಹತ್ತಿಯ ತುಂಡು ಎಳೆ ಮೊಲದ ಬೆರಳಿಗೆ ಸುತ್ತಿಕೊಂಡರೆ ರೋಮದೊಳಗೆ ಮುಚ್ಚಿಹೋಗುತ್ತದೆ. ಎಳೆ ಒಳಕ್ಕೆ ಇಳಿದಂತೆ ಬೆರಳು ಬಾತು, ನೀಲಿಗಟ್ಟಿ, ಕೊನೆಗೆ ಸತ್ತೇ ಹೋಗಬಹುದು. ಗಾಯದ ಬೆರಳು ಬಾತಿದ್ದರೆ ಅದರ ಬುಡದ ರೋಮ ಸರಿಸಿ, ಎಳೆ ಇದೆಯೇ ಎಂದು ಕೂಡ ನೋಡಿ. ಮೊಲವನ್ನು ಮಗ್ಗದ ಕುಣಿಯ ಹತ್ತಿರ ಬಿಡದಿರುವುದು ಒಳಿತು.

ಉಗುರು ಕತ್ತರಿಸುವ ಕೆಲಸ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18. ಮುಂಗಾಲಿನ ಒಳಮಗ್ಗುಲಿನ ಐದನೆಯದು ನೆಲ ಮುಟ್ಟುವುದೇ ಇಲ್ಲ, ಎಂಥ ನೆಲವಿದ್ದರೂ ಸವೆಯುವುದಿಲ್ಲ. ರೋಮದಲ್ಲಿ ಅಡಗಿರುವ ಕಾರಣ ಎಲ್ಲರೂ ಮರೆಯುವುದು ಅದನ್ನೇ, ಸುರುಳಿ ಸುತ್ತಿ ಮಾಂಸಕ್ಕೆ ಚುಚ್ಚಿಕೊಳ್ಳುವುದೂ ಅದೇ. ಗಾಯ ಮಾಗಿದ ಮೇಲೆ, ಬೆಳಗಿನ ತಂಪಿನಲ್ಲಿ, ಇಬ್ಬರು ಸೇರಿ ಮಾಡಿ. ಏಪ್ರಿಲ್-ಮೇ ಮಧ್ಯಾಹ್ನ ಪಾರ 40 ಡಿಗ್ರಿ ದಾಟಿದಾಗ ಮೊಲವನ್ನು ಹಿಡಿದು ಗಾಬರಿ ಮಾಡಿದರೆ ಬಿಸಿಲಿನ ಹೊಡೆತಕ್ಕೇ ಸಾಯಬಹುದು, ಅದು ಬೆವರುವ ಪ್ರಾಣಿಯಲ್ಲ.

ಒಬ್ಬರು ಕೂತು ಮೊಲದ ಬೆನ್ನು ತಮ್ಮ ಹೊಟ್ಟೆಗೆ ತಾಗುವಂತೆ ಮಡಿಲಲ್ಲಿ ಕೂರಿಸಿಕೊಳ್ಳಲಿ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಕೊಸರಾಡಿದರೆ ಟವೆಲ್ಲಿನಲ್ಲಿ ಸುತ್ತಿ ಒಂದೊಂದೇ ಕಾಲು ಹೊರಗೆ ತೆಗೆಯಿರಿ. ಕಿವಿ ಹಿಡಿದು ಎತ್ತಬಾರದು. ಅಂಗಾತ ಮಲಗಿಸಿದರೆ ಸುಮ್ಮನಾಗುತ್ತದೆ ಎಂದು ಕೆಲವರು ಮಾಡಿ ತೋರಿಸುತ್ತಾರೆ, ಅದು ಸಮಾಧಾನವಲ್ಲ, ಬೇಟೆಗಾರನ ಬಾಯಿಗೆ ಸಿಕ್ಕಿದೆ ಎಂಬ ಭಯಕ್ಕೆ ಮರಗಟ್ಟಿದ್ದು. ಹಿಂಗಾಲಿಗೆ ಆಧಾರವಿಲ್ಲದಿದ್ದಾಗ ಒಂದೇ ಒಂದು ಜೋರು ಒದೆತಕ್ಕೆ ಸೊಂಟದ ಹತ್ತಿರ ಬೆನ್ನೆಲುಬು ಮುರಿದುಕೊಂಡು ಹಿಂಭಾಗ ಲಕ್ವ ಹೊಡೆದ ಮೊಲಗಳು ಬರುತ್ತವೆ. ಮೊಲದ ಸ್ನಾಯು ಬಲ ಬಹಳ, ಎಲುಬು ಹಗುರ. ಅದು ಹೆಚ್ಚು ಕೊಸರಿದರೆ ಬಿಟ್ಟುಬಿಡಿ, ನಾಳೆ ಇನ್ನೊಂದು ಕಾಲು ಮಾಡಿದರಾಯಿತು.

ಬೆಕ್ಕಿನ ಉಗುರಿನ ಕತ್ತರಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹರಿತವಾದ ಹೊಸ ನೇಲ್ ಕಟರ್. ನಿಮ್ಮದು ಬಿಳಿ ಮೊಲ, ಅದೃಷ್ಟ. ತಿಳಿ ಉಗುರಿನೊಳಗೆ ಗುಲಾಬಿ ತಿರುಳು ಬರಿಗಣ್ಣಿಗೇ ಕಾಣುತ್ತದೆ. ಬೂದು, ಕಪ್ಪು ಮೊಲಗಳವರು ಉಗುರಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿಯಬೇಕು. ತಿರುಳಿಗಿಂತ ಎರಡು-ಮೂರು ಮಿಲಿಮೀಟರ್ ಮುಂದೆ ಕತ್ತರಿಸಿ. ಕತ್ತರಿಸುವ ಮುಂಚೆ ಅದೇ ಜಾಗದಲ್ಲಿ ಕತ್ತರಿಯಿಂದ ಮೆಲ್ಲಗೆ ಅದುಮಿ ನೋಡಿ, ಮೊಲ ಕಾಲು ಸರ್ರನೆ ಎಳೆದುಕೊಂಡರೆ ತಿರುಳಿದೆ ಎಂದರ್ಥ, ಇನ್ನೂ ತುದಿಗೆ ಸರಿಯಿರಿ. ಬಹಳ ಉದ್ದವಾದ ಉಗುರಿನಲ್ಲಿ ತಿರುಳೂ ಉದ್ದವಾಗಿರುತ್ತದೆ, ಒಂದೇ ಸಲಕ್ಕೆ ಮೋಟು ಮಾಡಲಾಗದು. ಹತ್ತು-ಹನ್ನೆರಡು ದಿನಕ್ಕೊಮ್ಮೆ ತುದಿ ತೆಗೆಯುತ್ತ ಹೋದರೆ ತಿರುಳು ತಾನಾಗಿ ಹಿಂದೆ ಸರಿಯುತ್ತದೆ. ಹದಕ್ಕೆ ಬಂದ ಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು.

ಎರಡೂವರೆ ಕಿಲೋ ಮೊಲ ದಪ್ಪವಾಗಿದೆಯೇ ಎಂಬುದು ತಳಿಯ ಮೇಲೆ ಹೋಗುತ್ತದೆ. ಪಕ್ಕೆಲುಬು ಕೈಗೆ ಹತ್ತದಿದ್ದರೆ ದಪ್ಪವೇ, ಆ ಭಾರವೂ ಹಿಮ್ಮಡಿಗೇ ಬೀಳುತ್ತದೆ. ರೊಟ್ಟಿ, ಕಡಲೆ, ಬಾಳೆಹಣ್ಣು ಕಡಿಮೆ ಮಾಡಿ, ಹೊಟ್ಟೆಯ ಬಹುಪಾಲು ಒಣಹುಲ್ಲು, ಕರಿಕೆಯಿಂದ ತುಂಬಲಿ. ಎಳೆಯ ಜೋಳದ ಹಸಿ ಪೈರು ಮಾತ್ರ ಬೇಡ, ಅದರಲ್ಲಿ ಸಯನೈಡ್ ವಿಷವಿರುತ್ತದೆ, ದನಕ್ಕೂ ಅದಕ್ಕೇ ಹಾಕುವುದಿಲ್ಲವಲ್ಲ. ಕೈತುಂಬ ಪ್ರೀತಿಯಿಂದ ಅಮೀನಗಡದ ಕರದಂಟು ತಿನ್ನಿಸುವ ಮನೆಗಳನ್ನೂ ನೋಡಿದ್ದೇನೆ. ಬೆಲ್ಲವೂ ಬೇಡ, ಕರದಂಟೂ ಬೇಡ.

ಪಕ್ಕದ ಮನೆಯವರ ಸಲಹೆಗೆ ಬರೋಣ. ಉಗುರನ್ನು ಬುಡಸಮೇತ ತೆಗೆಯುವುದೆಂದರೆ ಪ್ರತಿ ಬೆರಳಿನ ಕೊನೆಯ ಎಲುಬನ್ನೇ ಕಡಿಯುವುದು. ಅಂಗಾಲಿನ ಗದ್ದಿಗೆಯಿಲ್ಲದ ಪ್ರಾಣಿಗೆ ಅಷ್ಟು ಗಾಯ ಮಾಡಿ ನಿಲ್ಲಿಸಿದರೆ ಜೀವನಪೂರ್ತಿ ನೋವು. ನಾನು ಮಾಡುವುದಿಲ್ಲ, ಮಾಡಿಕೊಡುತ್ತೇನೆ ಎನ್ನುವವರ ಬಳಿ ಮೊಲವನ್ನು ಕೊಡಬೇಡಿ.

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಗಾಯ ತೊಳೆಸುವುದು, ಚಿಪ್ಪು ತೆಗೆಸುವುದು, ಕಜ್ಜಿಯ ಇಂಜೆಕ್ಷನ್ ಎಲ್ಲ ಆಗುತ್ತದೆ. ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ 1962, ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು. ಎಕ್ಸ್‌ರೇಗೆಂದು ಹುನಗುಂದ ದಾಟಿ ಬಾಗಲಕೋಟೆಗೇ ಹೋಗಬೇಕಾದರೆ, ಮೊಲಕ್ಕೆ ಚಿಕಿತ್ಸೆ ಕೊಡುತ್ತೀರಾ, ಎಕ್ಸ್‌ರೇ ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿ ಹೊರಡಿ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಗಾಳಿಯಾಡುವ ಬುಟ್ಟಿಯ ತಳಕ್ಕೆ ಜಮಖಾನೆ ಮಡಿಸಿ ಹಾಕಿ, ಜೊತೆಗೆ ಅದು ದಿನಾ ತಿನ್ನುವ ಹುಲ್ಲನ್ನೂ ಇಡಿ. ಆಸ್ಪತ್ರೆಗೆ ಮುಂಚೆ ಉಪವಾಸ ಇರಿಸಬೇಕೆಂಬ ನಿಯಮ ನಾಯಿ, ಬೆಕ್ಕಿಗೆ. ಮೊಲಕ್ಕೆ ವಾಂತಿಯಾಗುವುದಿಲ್ಲ, ಅದು ದಾರಿಯುದ್ದಕ್ಕೂ ಮೇಯುತ್ತಿರಲಿ. ಆ ಕ್ಯಾಪ್ಸೂಲಿನ ಚೀಟಿಯನ್ನೂ ಒಯ್ದು ವೈದ್ಯರಿಗೆ ತೋರಿಸಿ, ಒಂದು ಹನಿಯನ್ನೂ ಕುಡಿಸಿಲ್ಲ ಎಂದು ಹೇಳಿ.